ತವರಿನಿಂದ ಬಂದ ಮೇಲೆ ಅಡುಗೆ: ಕೂಸಿರುವ ಮನೆಗೆ ಕಲಬುರಗಿಯ ಊಟ, ಸಿಹಿ

ಹೆರಿಗೆಯಾಗಿ 3 ತಿಂಗಳೋ 5 ತಿಂಗಳೋ ತವರಲ್ಲಿ ಇರುವವರೆಗೆ ಊಟದ ಚಿಂತೆ ಇರುವುದಿಲ್ಲ. ಅವ್ವ ಇರುತ್ತಾಳೆ, ದೊಡ್ಡವ್ವ ಇರುತ್ತಾಳೆ, ಪಕ್ಕದ ಮನೆಯವರೂ ಒಂದು ಬಟ್ಟಲು ಪಲ್ಯ ಕಳಿಸುತ್ತಾರೆ. ನಿಜವಾದ ಕಷ್ಟ ಶುರುವಾಗುವುದು ತೊಟ್ಟಿಲು, ಬಟ್ಟೆಗಂಟು ಎಲ್ಲಾ ಹೊತ್ತು ಗಂಡನ ಮನೆಗೆ ವಾಪಸ್ ಬಂದ ಮೇಲೆ. ಅದರಲ್ಲೂ ಕಲಬುರಗಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಗಂಡ-ಹೆಂಡತಿ ಇಬ್ಬರೇ ಇದ್ದರೆ ಕೇಳುವುದೇ ಬೇಡ. ಕೂಸು ಮಲಗಿದ ಆ ಅರ್ಧ ಗಂಟೆಯಲ್ಲಿ ಸ್ನಾನ ಮಾಡಬೇಕೋ, ಅಡುಗೆಗೆ ಇಡಬೇಕೋ, ತಾವೂ ಒಂದಿಷ್ಟು ಕಣ್ಣು ಮುಚ್ಚಬೇಕೋ ಗೊತ್ತಾಗುವುದಿಲ್ಲ. ಕೊನೆಗೆ ಮಧ್ಯಾಹ್ನ ಚಹಾ-ಬಿಸ್ಕಿಟ್ ಮೇಲೆ ಕಳೆಯುತ್ತದೆ, ರಾತ್ರಿ ಹೋಟೆಲಿನಿಂದ ಪಾರ್ಸಲ್ ಬರುತ್ತದೆ.

ಹೀಗೆ ಒಂದೆರಡು ದಿನ ನಡೆಯುತ್ತದೆ, ತಿಂಗಳುಗಟ್ಟಲೆ ನಡೆಯಬಾರದು. ಹಾಲುಣಿಸುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಅಂದರೆ ಹೆಚ್ಚುಕಮ್ಮಿ ಇನ್ನೊಂದು ಪೂರ್ತಿ ಊಟ. ಅದು ಬಿಸ್ಕಿಟ್ಟಿನಿಂದ ಬರುವುದಿಲ್ಲ.

ಸಮಾಧಾನದ ಮಾತು ಏನೆಂದರೆ, ನಮ್ಮ ಕಡೆಯ ಅಡುಗೆಯೇ ಮೊದಲಿನಿಂದ ಪುರುಸೊತ್ತಿಲ್ಲದವರ ಅಡುಗೆ. ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗುತ್ತಿದ್ದ ಹೆಣ್ಣುಮಕ್ಕಳು ಮೂರು ಹೊತ್ತು ಒಲೆ ಮುಂದೆ ಕೂರುತ್ತಿರಲಿಲ್ಲ. ಡಬ್ಬಿಯಲ್ಲಿ ಹಿಂಡಿ (ಚಟ್ನಿಪುಡಿ) ಇರುತ್ತಿತ್ತು, ಬುಟ್ಟಿಯಲ್ಲಿ ಖಡಕ್ ರೊಟ್ಟಿ ಇರುತ್ತಿತ್ತು, ಗಡಿಗೆಯಲ್ಲಿ ಮಜ್ಜಿಗೆ ಇರುತ್ತಿತ್ತು. ಹೊಸದಾಗಿ ಕಲಿಯುವುದು ಏನೂ ಇಲ್ಲ, ಅದನ್ನೇ ಮತ್ತೆ ಕುಕ್ಕರ್, ಫ್ರಿಜ್ ಇರುವ ಮನೆಗೆ ಹೊಂದಿಸಿಕೊಳ್ಳಬೇಕು ಅಷ್ಟೇ.

ಮೊದಲು ಕೂಡಿಟ್ಟುಕೊಳ್ಳುವುದು

ವಾರಕ್ಕೆ ಒಮ್ಮೆ ಒಂದೂವರೆ ಗಂಟೆ ಬೇಕು. ಭಾನುವಾರವೇ ಆಗಬೇಕು ಅಂತೇನಿಲ್ಲ, ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವವರು ಇನ್ನೊಬ್ಬರು ಇರುವ ದಿನ ನೋಡಿಕೊಳ್ಳಿ. ಹಿಂಡಿ, ರೊಟ್ಟಿ, ಬೇಯಿಸಿದ ಬ್ಯಾಳಿ (ಬ್ಯಾಳಿ ಮಾತ್ರ ಮೂರು ದಿನಕ್ಕೊಮ್ಮೆ ಬೇಯಿಸಬೇಕು), ಈ ಮೂರು ಮನೆಯಲ್ಲಿದ್ದರೆ ಯಾವ ಹೊತ್ತಿನ ಊಟವೂ 15 ನಿಮಿಷದ ಮೇಲೆ ಹೋಗುವುದಿಲ್ಲ.

ಶೇಂಗಾ ಹಿಂಡಿಯಿಂದ ಶುರು ಮಾಡಿ. ಕಾಲು ಕಿಲೋ ಶೇಂಗಾ, ಒಂದು ಗಡ್ಡೆ ಬಳ್ಳೊಳ್ಳಿ, ಒಂದು ಚಮಚ ಜೀರಿಗೆ, ಎರಡು ಚಮಚ ಕೆಂಪು ಖಾರದ ಪುಡಿ, ಉಪ್ಪು, ಬೇಕಾದರೆ ಚೂರು ಬೆಲ್ಲ. ಶೇಂಗಾವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲೇ ಹುರಿಯಬೇಕು, ಜೋರು ಉರಿ ಇಟ್ಟರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಹತ್ತು ನಿಮಿಷ ಕೈಯಾಡಿಸುತ್ತಿದ್ದರೆ ಸಿಪ್ಪೆ ಸೀಳುತ್ತದೆ, ಚಿಟಿಚಿಟಿ ಸದ್ದು ಬರುತ್ತದೆ. ಒಂದು ಕಾಳು ತೆಗೆದು ಉಜ್ಜಿದರೆ ಸಿಪ್ಪೆ ಸಲೀಸಾಗಿ ಬಿಡಬೇಕು. ಕೆಳಗಿಳಿಸಿ ಪೂರ್ತಿ ಆರಲು ಬಿಡಿ. ಈ ಆರಿಸುವುದನ್ನು ಯಾರೂ ತಪ್ಪಿಸಬೇಡಿ, ಬಿಸಿ ಇದ್ದಾಗಲೇ ಮಿಕ್ಸರಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆ ಕಟ್ಟುತ್ತದೆ. ಬಳ್ಳೊಳ್ಳಿಯನ್ನು ಅದೇ ಬಾಣಲೆಯಲ್ಲಿ ಅರ್ಧ ಚಮಚ ಎಣ್ಣೆ ಹಾಕಿ ಹುರಿದುಕೊಳ್ಳಿ, ಹಸಿಯಾಗಿ ಹಾಕಿದ ಹಿಂಡಿ ಬೇಗ ಕೆಡುತ್ತದೆ. ಎಲ್ಲಾ ಕೂಡಿಸಿ ಮಿಕ್ಸರನ್ನು ಬಿಟ್ಟು ಬಿಟ್ಟು ತಿರುಗಿಸಿ. ತರಿತರಿಯಾಗಿ ಇರಬೇಕು, ಹಿಟ್ಟಾಗಬಾರದು. ಒಣ ಗಾಜಿನ ಡಬ್ಬಿಯಲ್ಲಿ, ಒಣ ಚಮಚ ಬಳಸಿದರೆ ಹದಿನೈದು ದಿನ ಧಾರಾಳ ಇರುತ್ತದೆ. ಬೇಸಿಗೆಯಲ್ಲಿ ಮಾತ್ರ ಫ್ರಿಜ್‌ನಲ್ಲೇ ಇಡಿ.

ಇದೇ ಕ್ರಮದಲ್ಲಿ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಟಾಣಿ (ಹುರಿಗಡಲೆ) ಹಿಂಡಿ ಆಗುತ್ತವೆ. ಅಗಸಿ ಬೇಗ ಸಿಡಿಯುತ್ತದೆ, ಮುಚ್ಚಳ ಕೈಯಲ್ಲಿರಲಿ. ಎರಡು ತರಹ ಇದ್ದರೆ ಸಾಕು. ನಾಲ್ಕು ಡಬ್ಬಿ ತುಂಬಿಸುವ ಉಸಾಬರಿಗೆ ಹೋಗಬೇಡಿ.

ರೊಟ್ಟಿ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಈ ಒಂದು ವರ್ಷ ಮನೆಯಲ್ಲಿ ರೊಟ್ಟಿ ಬಡಿಯುವ ಹಟ ಬೇಡ. ಕಲಬುರಗಿಯಲ್ಲಿ ಓಣಿಗೊಬ್ಬರು ರೊಟ್ಟಿ ಮಾಡಿ ಮಾರುವ ಅಕ್ಕಂದಿರು ಸಿಗುತ್ತಾರೆ. ಬೀದರ್, ಯಾದಗಿರಿಯಲ್ಲೂ ಅಷ್ಟೇ. ಎರಡು ದಿನಕ್ಕೆ ಬೇಕಾದಷ್ಟು ಮೆತ್ತನೆ ರೊಟ್ಟಿ, ಉಳಿದದ್ದು ಖಡಕ್ ರೊಟ್ಟಿ ತೆಗೆದುಕೊಳ್ಳಿ. ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಗಾಳಿ ಆಡದ ಡಬ್ಬಿ ಇದ್ದರೆ ಸಾಕು. ಮೆತ್ತಗೆ ಬೇಕಾದರೆ ಎರಡೂ ಮಗ್ಗುಲಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ. ಅದಕ್ಕೂ ಪುರುಸೊತ್ತು ಇಲ್ಲದಿದ್ದರೆ ತಾಟಿನಲ್ಲೇ ಮುರಿದು, ಮೇಲೆ ಬಿಸಿ ಬ್ಯಾಳಿ ಸುರಿದು ಕಲಸಿಬಿಡಿ. ಇದನ್ನು ಚಮಚದಲ್ಲಿ ತಿನ್ನಬಹುದು, ಒಂದು ಕೈಯಲ್ಲಿ ಕೂಸು ಹಿಡಿದವರಿಗೆ ಇದಕ್ಕಿಂತ ಅನುಕೂಲದ ಊಟ ನನಗೆ ಗೊತ್ತಿಲ್ಲ.

ಒಮ್ಮೆ ಬೇಯಿಸಿದ ಬ್ಯಾಳಿ, ಮೂರು ಊಟ

ತೊಗರಿ ನಮ್ಮ ಜಿಲ್ಲೆಯ ಬೆಳೆ. ಕಲಬುರಗಿ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಊರಲ್ಲೇ ಸಿಗುವ ಒಳ್ಳೆಯ ಬ್ಯಾಳಿ ಬಿಟ್ಟು ಪಾಲಿಶ್ ಮಾಡಿ ಹೊಳೆಯುವ ಪ್ಯಾಕೆಟ್ ಬ್ಯಾಳಿ ತರಬೇಡಿ.

ಎರಡು ಬಟ್ಟಲು ಬ್ಯಾಳಿ ತೊಳೆದು ಅರ್ಧ ಗಂಟೆ ನೆನೆಯಲು ಇಡಿ. ಕೂಸಿಗೆ ಹಾಲು ಕುಡಿಸಿ ಮಲಗಿಸುವಷ್ಟರಲ್ಲಿ ನೆನೆದಿರುತ್ತದೆ. ಐದು ಬಟ್ಟಲು ನೀರು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ 3-4 ಸೀಟಿ ಕೂಗಿಸಿ. ಕುಕ್ಕರಿನ ಸದ್ದಿಗೆ ಕೂಸು ಬೆಚ್ಚಿ ಏಳುತ್ತದೆ ಅಂತ ಹೆದರುವವರು ಮೊದಲ ಸೀಟಿ ಬರುವ ಹೊತ್ತಿಗೆ ಉರಿ ಪೂರ್ತಿ ಸಣ್ಣ ಮಾಡಿ ಹತ್ತು-ಹನ್ನೆರಡು ನಿಮಿಷ ಬಿಡಿ, ಬ್ಯಾಳಿ ಚೆನ್ನಾಗಿಯೇ ಬೇಯುತ್ತದೆ. ಉಪ್ಪು ಹಾಕಬೇಡಿ, ಖಾರವನ್ನೂ ಹಾಕಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಬೆಂದ ಬ್ಯಾಳಿಯನ್ನು ಮೂರು ಡಬ್ಬಿಗೆ ಹಂಚಿ. ಅಗಲವಾದ ಡಬ್ಬಿ ಇರಲಿ, ಬೇಗ ಆರುತ್ತದೆ. ಆರಿದ ಕೂಡಲೇ ಫ್ರಿಜ್ ಒಳಗೆ ಹೋಗಬೇಕು. ನಮ್ಮ ಊರಿನ ಬಿಸಿಲಿಗೆ ಏಪ್ರಿಲ್-ಮೇನಲ್ಲಿ ಹೊರಗೆ ಇಟ್ಟ ಬ್ಯಾಳಿ ಮಧ್ಯಾಹ್ನದಷ್ಟರಲ್ಲಿ ಹುಳಿ ವಾಸನೆ ಹೊಡೆಯುತ್ತದೆ. ಅನ್ನದ ವಿಷಯದಲ್ಲಿ ಇನ್ನೂ ಜೋಪಾನ. ಹೊರಗೆ ತಾಸುಗಟ್ಟಲೆ ಇದ್ದ ಅನ್ನದಲ್ಲಿ ಬೆಳೆಯುವ ಕೆಲವು ರೋಗಾಣುಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ತಾಸಿನೊಳಗೆ ಫ್ರಿಜ್‌ಗೆ ಇಡಿ, ಇಲ್ಲವಾದರೆ ಅಷ್ಟಷ್ಟೇ ಮಾಡಿ. ಬ್ಯಾಳಿ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ, ಮೂರನೆಯ ದಿನಕ್ಕೆ ಮುಗಿಸಿಬಿಡಿ. ಪ್ರತಿಸಲ ಒಂದೇ ಡಬ್ಬಿ ತೆಗೆದು ಕುದಿ ಬರುವವರೆಗೆ ಕಾಯಿಸಿ.

ಮೊದಲ ಡಬ್ಬಿ ಬಳ್ಳೊಳ್ಳಿ ಬ್ಯಾಳಿಗೆ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಏಳೆಂಟು ಎಸಳು ಬಳ್ಳೊಳ್ಳಿ, ಕರಿಬೇವು, ಎರಡು ಒಣ ಮೆಣಸಿನಕಾಯಿ. ಬಳ್ಳೊಳ್ಳಿ ಕೆಂಪಗಾಗುವವರೆಗೆ ಕಾಯಿರಿ, ಬ್ಯಾಳಿಯ ರುಚಿ ಎಲ್ಲಾ ಅಲ್ಲೇ ಇದೆ. ಬ್ಯಾಳಿ, ಉಪ್ಪು, ಬೇಕಾದಷ್ಟು ನೀರು ಹಾಕಿ ಒಂದು ಕುದಿ. ಇಳಿಸಿದ ಮೇಲೆ ಅರ್ಧ ನಿಂಬೆ ಹಿಂಡಿ. ನಿಂಬೆ ಬರೀ ರುಚಿಗೆ ಅಲ್ಲ, ಬ್ಯಾಳಿ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಅದು ಸಹಾಯ ಮಾಡುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಉಲ್ಟಾ ಆಗುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ.

ಎರಡನೆಯದು ಪುಂಡಿ ಪಲ್ಯಕ್ಕೆ. ಒಂದು ದೊಡ್ಡ ಕಟ್ಟು ಪುಂಡಿ ಸೊಪ್ಪು ಬಿಡಿಸಿ, ತೊಳೆದು, ಐದು ನಿಮಿಷ ಬೇಯಿಸಿ. ಬಹಳ ಹುಳಿ ಅನಿಸಿದರೆ ಆ ನೀರು ಬಸಿಯಿರಿ. ಎರಡು ಚಮಚ ಜೋಳದ ನುಚ್ಚು ಅಥವಾ ಅಕ್ಕಿ ನುಚ್ಚು ಬೇರೆ ಬೇಯಿಸಿಕೊಂಡು ಸೊಪ್ಪು, ಬ್ಯಾಳಿ, ಹಸಿಮೆಣಸಿನಕಾಯಿ ಜೊತೆ ಕೂಡಿಸಿ ಮಸೆಯಿರಿ. ಮೇಲೆ ಬಳ್ಳೊಳ್ಳಿ ಒಗ್ಗರಣೆ, ಕೈ ಬಿಚ್ಚಿ ಎಣ್ಣೆ. ಇದು ಮರುದಿನ ಇನ್ನೂ ರುಚಿ. ಸೊಪ್ಪು ಬಿಡಿಸುವುದೇ ತಲೆನೋವಿನ ಕೆಲಸ, ಅದನ್ನು ಮನೆಗೆ ಕೂಸು ನೋಡಲು ಬಂದವರ ಮುಂದೆ ತಾಟಿನಲ್ಲಿ ಇಡಿ. ಮಾತಾಡುತ್ತಾ ಮಾಡಿ ಮುಗಿಸುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಪುಂಡಿ ಸಿಗದಿದ್ದರೆ ಪಾಲಕ್, ಮೆಂತೆ, ರಾಜಗಿರಿ ಯಾವುದಾದರೂ ಆಗುತ್ತದೆ, ಹುಳಿಗೆ ಸ್ವಲ್ಪ ಹುಣಸೆ ರಸ.

ಮೂರನೆಯ ಡಬ್ಬಿ ಸಾರಿಗೆ ಅಥವಾ ಕಿಚಡಿಗೆ, ನಿಮ್ಮ ಇಷ್ಟ.

ಒಲೆ ಹಚ್ಚಿದರೆ 15 ನಿಮಿಷ

ಕಲಬುರಗಿಯವರಿಗೆ ತಹರಿ ಹೇಳಿಕೊಡಬೇಕಾ? ಆದರೂ ಕುಕ್ಕರಿನ ಸುಲಭ ದಾರಿ ಹೇಳುತ್ತೇನೆ, ಯಾಕೆಂದರೆ ಒಂದೇ ಪಾತ್ರೆಯಲ್ಲಿ ಅನ್ನ, ತರಕಾರಿ ಎಲ್ಲಾ ಮುಗಿಯುವ ಅಡುಗೆ ಇದು. ಎರಡು ಬಟ್ಟಲು ಅಕ್ಕಿ ತೊಳೆದು ನೆನೆಯಲು ಇಡಿ. ಕುಕ್ಕರಿನಲ್ಲಿ ಮೂರು ಚಮಚ ಎಣ್ಣೆ, ಲವಂಗ, ಚಕ್ಕೆ, ಏಲಕ್ಕಿ, ಉದ್ದಕ್ಕೆ ಹೆಚ್ಚಿದ ಎರಡು ಉಳ್ಳಾಗಡ್ಡಿ. ಉಳ್ಳಾಗಡ್ಡಿ ಕಂದು ಬಣ್ಣಕ್ಕೆ ಬರಲಿ. ಒಂದು ಚಮಚ ಶುಂಠಿ-ಬಳ್ಳೊಳ್ಳಿ ಪೇಸ್ಟ್, ಎರಡು ಟೊಮ್ಯಾಟೊ, ಒಂದು ಹಿಡಿ ಪುದೀನಾ, ಅರಿಶಿನ, ಖಾರ, ಗರಂ ಮಸಾಲೆ, ಎರಡು ಚಮಚ ಮೊಸರು. ಎಣ್ಣೆ ಬಿಟ್ಟ ಮೇಲೆ ಆಲೂಗಡ್ಡೆ, ಗಜ್ಜರಿ, ಬೀನ್ಸ್, ಬಟಾಣಿ. ಅಕ್ಕಿ ಹಾಕಿ ಒಮ್ಮೆ ಮೆಲ್ಲಗೆ ಕೈಯಾಡಿಸಿ, ನಾಲ್ಕು ಬಟ್ಟಲಿಗಿಂತ ಸ್ವಲ್ಪ ಕಮ್ಮಿ ಬಿಸಿನೀರು, ಉಪ್ಪು. ಎರಡು ಸೀಟಿ. ಸೀಟಿ ತಾನೇ ಇಳಿಯುವವರೆಗೆ ತೆರೆಯಬೇಡಿ. ಜೊತೆಗೆ ಮೊಸರಿನಲ್ಲಿ ಉಳ್ಳಾಗಡ್ಡಿ ಹೆಚ್ಚಿ ಹಾಕಿದರೆ ಮುಗಿಯಿತು. ತರಕಾರಿಯನ್ನು ಹಿಂದಿನ ರಾತ್ರಿಯೇ ಹೆಚ್ಚಿ ಡಬ್ಬಿಗೆ ಹಾಕಿಟ್ಟರೆ ಒಲೆ ಮುಂದೆ ನಿಲ್ಲುವುದು ನಿಜವಾಗಿಯೂ ಹದಿನೈದೇ ನಿಮಿಷ.

ಮುಟಗಿ ಗೊತ್ತಿಲ್ಲದವರು ಇದನ್ನು ಓದಿಯೇ ಮುಂದೆ ಹೋಗಿ. ಬಾಣಂತಿಗೆ ನಮ್ಮ ಹಿರಿಯರು ಕೊಡುತ್ತಿದ್ದದ್ದು ಇದನ್ನೇ. ಕುಟ್ಟಾಣಿಯಲ್ಲಿ ನಾಲ್ಕೈದು ಎಸಳು ಬಳ್ಳೊಳ್ಳಿ, ಅರ್ಧ ಚಮಚ ಜೀರಿಗೆ, ಉಪ್ಪು, ಒಂದು ಹಸಿಮೆಣಸಿನಕಾಯಿ ಜಜ್ಜಿ. ಮೆತ್ತನೆ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಎರಡೂ ಮಗ್ಗುಲು ಚೆನ್ನಾಗಿ ಬಿಸಿ ಮಾಡಿ, ಬಿಸಿ ಇರುವಾಗಲೇ ಚೂರು ಮಾಡಿ ಅದೇ ಕುಟ್ಟಾಣಿಗೆ ಹಾಕಿ ಕುಟ್ಟಿ. ರೊಟ್ಟಿ ಬಳ್ಳೊಳ್ಳಿ ವಾಸನೆ ಹೀರಿಕೊಂಡು ಮುದ್ದೆಯಾಗುತ್ತಾ ಬರುತ್ತದೆ. ಆಗ ಒಂದು ದೊಡ್ಡ ಚಮಚ ತುಪ್ಪ ಹಾಕಿ ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ. ಮುಷ್ಟಿಯೊಳಗೆ ತುಪ್ಪ ಇಳಿಯಬೇಕು, ಅಷ್ಟು ಹಾಕಿ. ತಾಟು ಬೇಡ, ಪಲ್ಯ ಬೇಡ, ಕೂಸಿಗೆ ಹಾಲು ಕೊಡುತ್ತಲೇ ಒಂದು ಕೈಯಲ್ಲಿ ಹಿಡಿದು ತಿನ್ನಬಹುದು. ಖಾರ ನಿಮಗೆ ಒಗ್ಗುವಷ್ಟು ಹಾಕಿಕೊಳ್ಳಿ. ತಾಯಿ ಖಾರ ತಿಂದರೆ ಹಾಲೂ ಖಾರವಾಗುತ್ತದೆ ಎಂಬ ಮಾತು ಸುಳ್ಳು.

ಝುಣಕ ಇನ್ನೂ ಬೇಗ ಆಗುತ್ತದೆ. ಒಂದು ಬಟ್ಟಲು ಕಡಲೆ ಹಿಟ್ಟನ್ನು ಎರಡೂವರೆ ಬಟ್ಟಲು ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಉಳ್ಳಾಗಡ್ಡಿ-ಹಸಿಮೆಣಸಿನಕಾಯಿ ಒಗ್ಗರಣೆಗೆ ಸುರಿದು ಗಟ್ಟಿಯಾಗುವವರೆಗೆ ತಿರುವುತ್ತಾ ಇರಿ. ಹಸಿ ವಾಸನೆ ಹೋಗಬೇಕು, ಮುಚ್ಚಿ ಐದು ನಿಮಿಷ ಬಿಡಿ. ತತ್ತಿ ತಿನ್ನುವವರ ಮನೆಯಲ್ಲಿ ತತ್ತಿ ಪಲ್ಯವೂ ಇಷ್ಟೇ ಹೊತ್ತು. ಬೆಳಿಗ್ಗೆ ನಾಷ್ಟಾಕ್ಕೆ ಸುಸಲಾ: ಚುರುಮುರಿ ನೀರಲ್ಲಿ ಅದ್ದಿ ಹಿಂಡಿ ತೆಗೆದು, ಉಳ್ಳಾಗಡ್ಡಿ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು, ನಿಂಬೆರಸ. ಹುರಿದ ಶೇಂಗಾ ಒಂದು ಹಿಡಿ ಹಾಕಿದರೆ ಹೊಟ್ಟೆಗೆ ನಿಲ್ಲುತ್ತದೆ, ಬರೀ ಚುರುಮುರಿ ತಿಂದರೆ ಹತ್ತು ಗಂಟೆಗೇ ಮತ್ತೆ ಹಸಿವು.

ಬೇಸಿಗೆಗೆ ಜೋಳದ ನುಚ್ಚು. ರಾತ್ರಿ ನೆನೆಹಾಕಿ ಬೆಳಿಗ್ಗೆ ಒಂದಕ್ಕೆ ನಾಲ್ಕು ನೀರಿನ ಲೆಕ್ಕದಲ್ಲಿ ಕುಕ್ಕರಿನಲ್ಲಿ ಐದಾರು ಸೀಟಿ. ತಣ್ಣಗೆ ಮಜ್ಜಿಗೆ ಕಲಸಿ, ಪಕ್ಕಕ್ಕೆ ಉಳ್ಳಾಗಡ್ಡಿ, ಹಿಂಡಿ. ಬಿಸಿಲಲ್ಲಿ ಆಫೀಸಿನಿಂದ ಬಂದವರಿಗೂ ಮನೆಯಲ್ಲಿ ಕೂಸು ನೋಡಿ ಸುಸ್ತಾದವರಿಗೂ ಇದೇ ಊಟ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಗ್ಗರಣೆ ಹಾಕುವಾಗ, ಕುಕ್ಕರ್ ತೆರೆಯುವಾಗ ಕೂಸು ಸೊಂಟದ ಮೇಲೆ ಇರಬಾರದು. ಅತ್ತರೆ ಎರಡು ನಿಮಿಷ ಅಳಲಿ. ಸಾಸಿವೆ ಎಲ್ಲಿಗೆ ಸಿಡಿಯುತ್ತದೆ ಅಂತ ಹೇಳಲು ಬರುವುದಿಲ್ಲ.

ಅಂಟಿನ ಉಂಡಿ

ಸಿಹಿಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ. ತವರಿನಿಂದ ಕೊಟ್ಟು ಕಳಿಸಿದ ಡಬ್ಬಿ ತಿಂಗಳಲ್ಲಿ ಖಾಲಿಯಾಗುತ್ತದೆ, ಆಮೇಲೆ ಯಾರೂ ಮಾಡುವುದಿಲ್ಲ. ಆದರೆ ಹಾಲುಣಿಸುವುದು ಅಲ್ಲಿಗೆ ಮುಗಿಯುವುದಿಲ್ಲವಲ್ಲ? ಮನೆಯಲ್ಲಿ ಮಾಡುವುದು ಕಷ್ಟವೇನಲ್ಲ. ಅಪ್ಪನಾದವನು ಮಾಡಬಹುದಾದ ಕೆಲಸ ಇದು. ನಮ್ಮ ಮನೆಯಲ್ಲಿ ಉಂಡಿ ಕಟ್ಟುವುದು ನನ್ನ ಪಾಲಿನ ಕೆಲಸ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಬೇಕಾದದ್ದು: ತಿನ್ನುವ ಅಂಟು 100 ಗ್ರಾಂ, ಒಣಕೊಬ್ಬರಿ 250 ಗ್ರಾಂ, ಉತ್ತತ್ತಿ 250 ಗ್ರಾಂ, ಬಾದಾಮಿ ಮತ್ತು ಗೋಡಂಬಿ 100-100 ಗ್ರಾಂ, ಗಸಗಸೆ ಎರಡು ದೊಡ್ಡ ಚಮಚ, ಅಳವಿ ಬೀಜ (ಹಲೀಮ್) ಎರಡು ದೊಡ್ಡ ಚಮಚ, ಬೆಲ್ಲ 400 ಗ್ರಾಂ, ತುಪ್ಪ 150 ಗ್ರಾಂ, ಏಲಕ್ಕಿ, ಸ್ವಲ್ಪ ಜಾಜಿಕಾಯಿ. ಕಿರಾಣಿ ಅಂಗಡಿಯಲ್ಲಿ ‘ಬಾಣಂತಿ ಸಾಮಾನು’ ಅಂದರೆ ಸಾಕು, ಎಲ್ಲಾ ಒಟ್ಟಿಗೆ ಕಟ್ಟಿಕೊಡುತ್ತಾರೆ.

ಕೆಲಸವನ್ನು ಎರಡು ದಿನಕ್ಕೆ ಒಡೆಯಿರಿ. ಮೊದಲ ದಿನ ಕೊಬ್ಬರಿ ತುರಿಯುವುದು, ಉತ್ತತ್ತಿ ಬೀಜ ತೆಗೆದು ಸಣ್ಣ ಚೂರು ಮಾಡಿ ಬಿಸಿಲಿಗೆ ಇಡುವುದು, ಬೆಲ್ಲ ಪುಡಿ ಮಾಡುವುದು. ಉತ್ತತ್ತಿ ಒಣಗದೆ ಮಿಕ್ಸರಿಗೆ ಹಾಕಿದರೆ ಬ್ಲೇಡಿಗೆ ಅಂಟಿಕೊಂಡು ನಿಂತುಬಿಡುತ್ತದೆ.

ಎರಡನೆಯ ದಿನ ಹುರಿಯುವುದು. ತುಪ್ಪ ಕಾಯಿಸಿ, ಅಂಟನ್ನು ಒಂದೇ ಸಲ ಸುರಿಯದೆ ಒಂದೊಂದು ಹಿಡಿ ಹಾಕಿ. ಸಣ್ಣ ಉರಿಯಲ್ಲಿ ಕಾಳುಗಳು ಅರಳಿ ಬೆಳ್ಳಗಾಗುತ್ತವೆ, ಮೂಲ ಗಾತ್ರದ ಎರಡು ಮೂರು ಪಟ್ಟು ಆಗುತ್ತವೆ. ಒಂದು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಪೂರ್ತಿ ಪುಡಿಯಾಗಬೇಕು. ನಡುವೆ ಗಾಜಿನಂತಹ ಗಟ್ಟಿ ಹರಳು ಉಳಿದಿದ್ದರೆ ಇನ್ನೂ ಹುರಿಯಬೇಕು, ಇಲ್ಲವಾದರೆ ತಿನ್ನುವಾಗ ಹಲ್ಲಿಗೆ ಹತ್ತಿಕೊಳ್ಳುತ್ತದೆ. ಆಮೇಲೆ ಅದೇ ತುಪ್ಪದಲ್ಲಿ ಬಾದಾಮಿ, ಗೋಡಂಬಿ, ಉತ್ತತ್ತಿ ಚೂರು. ಗಸಗಸೆ, ಅಳವಿ, ಕೊಬ್ಬರಿ ತುರಿಯನ್ನು ತುಪ್ಪವಿಲ್ಲದೆ ಬೇರೆ ಬೇರೆ ಬೆಚ್ಚಗೆ ಮಾಡಿದರೆ ಸಾಕು. ಅಂಟನ್ನು ಬಟ್ಟಲ ತಳದಿಂದ ಒತ್ತಿ ಪುಡಿ ಮಾಡಿ, ಬಾದಾಮಿ-ಗೋಡಂಬಿ-ಉತ್ತತ್ತಿ ಮಿಕ್ಸರಿನಲ್ಲಿ ತರಿ ಮಾಡಿ, ಎಲ್ಲಾ ದೊಡ್ಡ ಪರಾತಕ್ಕೆ ಹಾಕಿ ಕೂಡಿಸಿ.

ಪಾಕದಲ್ಲೇ ಎಲ್ಲರೂ ಹೆದರುವುದು. ಬೆಲ್ಲಕ್ಕೆ ಕಾಲು ಬಟ್ಟಲು ನೀರು ಹಾಕಿ ಕರಗಿಸಿ, ಕಸ ಇದ್ದರೆ ಸೋಸಿ, ಮತ್ತೆ ಒಲೆಗೆ ಇಡಿ. ನಾನು ಮೊದಲ ಸಲ ಮಾಡುವಾಗ ಅವ್ವನಿಗೆ ಫೋನ್ ಹಚ್ಚಿ “ಎಳೆ ಎಷ್ಟು ಬರಬೇಕವ್ವಾ?” ಅಂತ ಕೇಳಿದ್ದೆ. “ಎಳಿ-ಗಿಳಿ ನೋಡ್ಬ್ಯಾಡ ತಮ್ಮಾ, ತುಂಬ ಗುಳ್ಳಿ ಬಂದ್ಮ್ಯಾಲ ಒಂದು ಹನಿ ನೀರಾಗ ಬಿಟ್ಟು ನೋಡು, ಮೆತ್ತಗ ಉಂಡಿ ಆದ್ರ ಇಳಸು” ಅಂದಳು. ಅಷ್ಟೇ ವಿಷಯ. ನೀರಿಗೆ ಬಿಟ್ಟ ಹನಿ ಕರಗಿ ಹೋದರೆ ಇನ್ನೂ ಬೇಕು, ಟಣ್ ಅಂತ ಗಟ್ಟಿಯಾದರೆ ಜಾಸ್ತಿಯಾಯಿತು. ಜಾಸ್ತಿಯಾದರೆ ಎರಡು ಚಮಚ ನೀರು ಹಾಕಿ ಮತ್ತೆ ಕರಗಿಸಿ, ಎಸೆಯಬೇಡಿ. ಪಾಕ ಸುರಿದು ಸೌಟಿನಿಂದ ಕಲಸಿ, ಏಲಕ್ಕಿ-ಜಾಜಿಕಾಯಿ ಪುಡಿ ಹಾಕಿ, ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ಕಟ್ಟಿ. ಆರಿಬಿಟ್ಟರೆ ಪರಾತವನ್ನು ಒಲೆ ಮೇಲೆ ಒಂದು ನಿಮಿಷ ಇಟ್ಟು ಮತ್ತೆ ಕಟ್ಟಿ. ಮಧ್ಯಮ ಗಾತ್ರದ 30-35 ಉಂಡಿ ಆಗುತ್ತವೆ. ಬೆಳಿಗ್ಗೆ ಹಾಲಿನ ಜೊತೆ ಒಂದು, ರಾತ್ರಿ ಎದ್ದಾಗ ಹಸಿವಾದರೆ ಅರ್ಧ. ಹಾಸಿಗೆ ಪಕ್ಕದಲ್ಲೇ ಸಣ್ಣ ಡಬ್ಬಿ ಇಡಿ, ರಾತ್ರಿ ಮೂರು ಗಂಟೆಗೆ ಅಡುಗೆಮನೆ ದೀಪ ಹಚ್ಚುವ ಕೆಲಸ ತಪ್ಪುತ್ತದೆ.

ಇನ್ನುಳಿದ ಸಿಹಿ

ಅಳವಿ ಪಾಯಸ ಹತ್ತು ನಿಮಿಷದ ಕೆಲಸ. ಒಂದು ದೊಡ್ಡ ಚಮಚ ಅಳವಿ ಒಂದು ತಾಸು ನೆನೆಯಲಿ, ಲೋಳೆಯಾಗಿ ಉಬ್ಬುತ್ತದೆ. ಎರಡು ಬಟ್ಟಲು ಹಾಲಿಗೆ ಹಾಕಿ ಕುದಿಸಿ. ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಬೇಡಿ, ಹಾಲು ಒಡೆಯುತ್ತದೆ. ಕೆಳಗಿಳಿಸಿ ಐದು ನಿಮಿಷ ಬಿಟ್ಟು ಹಾಕಿ. ಅಳವಿಯಿಂದ ಹಾಲು ಹೆಚ್ಚುತ್ತದೆ ಅಂತ ಮನೆಯಲ್ಲಿ ಹಿರಿಯರು ನಂಬುತ್ತಾರೆ, ತಿನ್ನಲಿಕ್ಕೂ ರುಚಿ. ಆದರೆ ಹಾಲು ಹೆಚ್ಚಲು ಮುಖ್ಯವಾಗಿ ಬೇಕಾದದ್ದು ಕೂಸಿಗೆ ಪದೇಪದೇ ಕುಡಿಸುವುದು, ತಾಯಿ ಹೊಟ್ಟೆ ತುಂಬ ಉಣ್ಣುವುದು.

ಮಾದ್ಲಿ ಸರಿಯಾಗಿ ಮಾಡಬೇಕಾದರೆ ಗೋಧಿ, ಕಡಲೆ ಬ್ಯಾಳಿ ಹುರಿದು ಬೀಸಿಸಬೇಕು, ದಪ್ಪ ಚಪಾತಿ ಮಾಡಿ ಕುಟ್ಟಬೇಕು. ಈಗ ಅದು ಬೇಡ. ನಿನ್ನೆ ಉಳಿದ ನಾಲ್ಕು ಚಪಾತಿಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹಪ್ಪಳದಷ್ಟು ಗರಿಗರಿ ಮಾಡಿ, ಆರಿಸಿ, ಮಿಕ್ಸರಿನಲ್ಲಿ ರವೆ ಹದಕ್ಕೆ ತಿರುವಿ. ಅರ್ಧ ಬಟ್ಟಲು ಬೆಲ್ಲದ ಪುಡಿ, ಕೊಬ್ಬರಿ ತುರಿ, ಪುಟಾಣಿ, ಹುರಿದ ಗಸಗಸೆ, ಏಲಕ್ಕಿ ಕೂಡಿಸಿ. ತಿನ್ನುವಾಗ ಮೇಲೆ ಬಿಸಿ ಹಾಲು, ತುಪ್ಪ. ಮಾದ್ಲಿ ಬಲ್ಲವರಿಗೆ ವ್ಯತ್ಯಾಸ ಗೊತ್ತಾಗುತ್ತದೆ, ಆದರೂ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಸಜ್ಜಕಕ್ಕೆ ಒಂದು ಬಟ್ಟಲು ಗೋಧಿ ರವೆ ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು, ಮೂರು ಬಟ್ಟಲು ನೀರು ಹಾಕಿ ಬೇಯಿಸಿ, ಕೊನೆಗೆ ಮುಕ್ಕಾಲು ಬಟ್ಟಲು ಬೆಲ್ಲ. ಮಾಲ್ಪುರಿಯನ್ನು ಅಂಗಡಿಯಿಂದಲೇ ತನ್ನಿ. ನಮ್ಮ ಊರಿನ ಮಾಲ್ಪುರಿಗೆ ಹೆಸರೇ ಇದೆ, ಕೂಸಿರುವ ಮನೆಯಲ್ಲಿ ಕರಿಯುವ ಬಾಣಲೆ ಇಟ್ಟುಕೊಂಡು ನಿಲ್ಲುವುದು ಯಾಕೆ?

ಬಾಣಂತಿ ನೀರು ಕುಡಿಯಬಾರದು, ಸೊಪ್ಪು ತಿನ್ನಬಾರದು ಅನ್ನುವ ಮಾತು

ಈ ಮಾತು ನಮ್ಮ ಕಡೆ ಇನ್ನೂ ಇದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಸೊಪ್ಪು ತಿಂದರೆ ಕೂಸಿಗೆ ಭೇದಿಯಾಗುತ್ತದೆ, ಹಣ್ಣು ತಿಂದರೆ ನೆಗಡಿ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ಅತ್ತೆಯ ಜೊತೆ ಜಗಳಕ್ಕೆ ನಿಲ್ಲಬೇಡಿ. ಆದರೆ 40 ಡಿಗ್ರಿ ದಾಟುವ ಊರಿನಲ್ಲಿ ಹಾಲುಣಿಸುವ ತಾಯಿಗೆ ನೀರು ಕಮ್ಮಿ ಮಾಡುವುದು ಅಪಾಯ. ಮಲಬದ್ಧತೆ, ತಲೆನೋವು, ಉರಿಮೂತ್ರ ಎಲ್ಲಾ ಅಲ್ಲಿಂದಲೇ ಶುರು. ಪ್ರತಿಸಲ ಹಾಲು ಕುಡಿಸಲು ಕೂತಾಗ ಪಕ್ಕದಲ್ಲಿ ಒಂದು ತಂಬಿಗೆ ನೀರು ಇರಲೇಬೇಕು. ಅದನ್ನು ತಂದಿಡುವುದು ಗಂಡನ ಕೆಲಸ. ನೀರು ಅಂದರೆ ಒಪ್ಪದಿದ್ದರೆ ಜೀರಿಗೆ ಹಾಕಿ ಕುದಿಸಿದ ನೀರು ಅನ್ನಿ, ಹಿರಿಯರೇ ಕಾಯಿಸಿ ಕೊಡುತ್ತಾರೆ.

ಡಾಕ್ಟರು ಬರೆದ ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ನುಂಗಬೇಡಿ, ಒಂದು ಬೆಳಿಗ್ಗೆಯ ಊಟದ ಮೇಲೆ, ಇನ್ನೊಂದು ರಾತ್ರಿ. ಹಳ್ಳಿಯಲ್ಲಿ ಇರುವವರು ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ ವಿಚಾರಿಸಿ. 2017ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಅದು, ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಬಿಸಿಯೂಟ. ತಗೊಳ್ಳಲು ನಾಚಿಕೆ ಏನೂ ಬೇಡ.

ಅದೇ ಪಾತ್ರೆಯಿಂದ ಕೂಸಿನ ಪಾಲು

6 ತಿಂಗಳು ತುಂಬುವವರೆಗೆ ಕೂಸಿಗೆ ತಾಯಿ ಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ. ತುಂಬಿದ ಮೇಲೆ ಬೇರೆ ಅಡುಗೆ ಮಾಡುವ ಕೆಲಸವಿಲ್ಲ. ಬ್ಯಾಳಿ ಬೇಯಿಸುವಾಗ ಉಪ್ಪು-ಖಾರ ಬೇಡ ಅಂದೆನಲ್ಲ, ಅದಕ್ಕೇ. ಒಗ್ಗರಣೆಗೆ ಮೊದಲು ಎರಡು ಚಮಚ ಬ್ಯಾಳಿ ತೆಗೆದು, ಮೆತ್ತಗೆ ಬೆಂದ ಅನ್ನದ ಜೊತೆ ಬೆರಳಲ್ಲಿ ಮಸೆದು, ಚೂರು ತುಪ್ಪ ಹಾಕಿದರೆ ಕೂಸಿನ ಊಟ. ತೀರಾ ತೆಳ್ಳಗೆ ಮಾಡಬೇಡಿ, ಚಮಚ ಓರೆ ಮಾಡಿದರೆ ಸುರಿಯಬಾರದು, ಮೆಲ್ಲಗೆ ಜಾರಬೇಕು. ಸಜ್ಜಕಕ್ಕೂ ಹಾಗೇ, ಬೆಲ್ಲ ಹಾಕುವ ಮೊದಲು ಕೂಸಿನ ಪಾಲು ತೆಗೆಯಿರಿ. ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸುವ ರೂಢಿ ಇದ್ದರೆ ಬಿಡಿ, ಅದರಿಂದ ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಇಡೀ ಶೇಂಗಾ, ಪುಟಾಣಿ ಕಾಳು ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಚುರುಮುರಿ ತಟ್ಟೆ ನೆಲದ ಮೇಲೆ ಇಟ್ಟು ಏಳುವ ಅಭ್ಯಾಸ ಇರುವವರು ಇದನ್ನು ಎರಡು ಸಲ ಓದಿ.

ಬಂದವರಿಗೆ ಏನು ಹೇಳಬೇಕು

ಕೂಸು ನೋಡಲು ಬರುವವರು “ಏನು ತರಲಿ?” ಅಂತ ಫೋನ್ ಮಾಡಿ ಕೇಳುತ್ತಾರೆ. “ಏನೂ ಬ್ಯಾಡ್ರಿ, ನೀವು ಬಂದ್ರ ಸಾಕು” ಅನ್ನುವುದು ನಮ್ಮ ಬಾಯಿಗೆ ರೂಢಿ. ಈ ವರ್ಷ ಮಾತ್ರ ಸಂಕೋಚ ಬಿಟ್ಟು ಬಾಯಿ ಬಿಟ್ಟು ಕೇಳಿ. ಮನೆಯಲ್ಲಿ ಈಗಾಗಲೇ ನಾಲ್ಕು ಗಿಲಕಿ, ಆರು ಅಂಗಿ ಇರುತ್ತವೆ. ಅಕ್ಕನಿಗೆ ಹತ್ತು ರೊಟ್ಟಿ ಹೇಳಿ, ಕಾಕಿಗೆ ಎಣ್ಣೆಗಾಯಿ ಬದನೆಕಾಯಿ ಹೇಳಿ. ಎಳ್ಳ ಅಮವಾಸ್ಯೆ ಹೊತ್ತಿಗೆ ಊರಿನಿಂದ ಬರುವವರಿದ್ದರೆ ಹೊಲದ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಕಟ್ಟಿಸಿಕೊಂಡು ಬನ್ನಿ ಅನ್ನಿ. ಆಫೀಸಿನ ಗೆಳೆಯರಿಗೆ ಹಾಲು, ತರಕಾರಿ, ಹಣ್ಣು. ಡಬ್ಬಿ ತೊಳೆದು ವಾಪಸ್ ಕೊಡುವ ಚಿಂತೆ ಈಗ ಬೇಡ, ಅವರು ಮುಂದಿನ ಸಲ ಬಂದಾಗ ತಗೊಂಡು ಹೋಗುತ್ತಾರೆ.